ಹಳ್ಳದ ಎಡಗೈ

“ಉಗುರಲ್ಲಿ ಕೆರೆದು ನೋಡಿ,” ಅಂದಳು ಟೈಲರ್ ಅಕ್ಕ.

ಇನ್ಸ್‌ಪೆಕ್ಟರ್ ಮೇಡಂ ಕೆರೆದರು. ದಾರ ಮುಗಿದ ಮೇಲೆ ಉಳಿಯುವ ಮರದ ಖಾಲಿ ರೀಲು ಅದು. ತಲೆಯ ಮೇಲೆ ಕಾದ ಸೂಜಿಯಿಂದ ಸುಟ್ಟು ಬರೆದ ಅಂಕಿ, ನಲವತ್ತನಾಲ್ಕು. ಮೇಡಂ ಉಗುರಿಗೆ ಏನೂ ಹತ್ತಲಿಲ್ಲ.

“ಲೋಳೆ ಇಲ್ಲ.”

“ಇಲ್ಲ ಅಲ್ವಾ? ಒಂದು ದಿನ ಹುಲ್ಲಿಗೆ ಸಿಕ್ಕಿ ನಿಂತರೂ ರೀಲಿಗೆ ಲೋಳೆ ಹಿಡಿಯುತ್ತೆ. ಇದು ಎಲ್ಲೂ ನಿಂತಿಲ್ಲ. ಸೀದಾ ಬಂದಿದೆ.” ಅಕ್ಕ ರೀಲು ಇಸಿದುಕೊಂಡು ಮೇಜಿನ ಮೇಲಿಟ್ಟಳು.

ಅವಳ ಗಂಡ, ಭೂಗೋಳದ ಮೇಷ್ಟ್ರು, ಊರಿನ ಹಳ್ಳ ಅಳೆಯಲು ಹೋದವರು ಮನೆಗೆ ಬಾರದೆ ಇದು ಮೂರನೆಯ ದಿನ.

ರೀಲು ತಂದವನು ತೂಬಿನ ತಾತ. ಹಳ್ಳ ನದಿಗೆ ಸೇರುವ ಕಡೆ ಒಂದು ತೂಬು, ತೂಬಿಗೊಂದು ಕಬ್ಬಿಣದ ಜಾಲರಿ. ಜಾಲರಿಗೆ ಸಿಕ್ಕ ಕಸವನ್ನು ಬೆಳಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಎಳೆದು ಹಾಕುವುದು ಅವನ ಕೆಲಸ. ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ ಎಂದು ಬಂದಾಗಿನಿಂದ ನಾಲ್ಕು ಸಲ ಹೇಳಿದ್ದ.

“ನಿನ್ನೆ ಸಂಜೆ ಜಾಲರಿ ತೊಳೆದಿಟ್ಟ ಹಾಗಿತ್ತು. ಇವತ್ತು ಬೆಳಗ್ಗೆ ಇದು ಕೂತಿದೆ,” ಅಂದ ತಾತ. “ಮೇಷ್ಟ್ರ ರೀಲು ಎಷ್ಟು ಹಿಡಿದು ಕೊಟ್ಟಿಲ್ಲ ನಾನು! ಹತ್ತು ಬಿಟ್ರೆ ನಾಲ್ಕು ಬರ್ತವೆ. ಮಿಕ್ಕಿದ್ದನ್ನ ಹಳ್ಳ ತಿಂದು ಹಾಕುತ್ತೆ.”

ಮೇಷ್ಟ್ರ ಕೆಲಸದ ರೀತಿ ಅದು. ಹೆಂಡತಿಯ ಅಂಗಡಿಯ ಖಾಲಿ ರೀಲಿಗೆ ಅಂಕಿ ಸುಡಿಸಿ, ಹಳ್ಳದ ಒಂದೊಂದು ಜಾಗದಿಂದ ಒಂದೊಂದನ್ನು ನೀರಿಗೆ ಬಿಡುವುದು, ಬಿಟ್ಟ ಹೊತ್ತು ಬರೆದುಕೊಳ್ಳುವುದು, ಜಾಲರಿಯ ಹತ್ತಿರ ಕಾದು ಮುಟ್ಟಿದ ಹೊತ್ತನ್ನೂ ಬರೆದುಕೊಳ್ಳುವುದು. ಹೀಗೆ ನಾಲ್ಕು ತಿಂಗಳು. ಎಲ್ಲಿ ಬಿಟ್ಟ ರೀಲು ಎಷ್ಟು ನಿಮಿಷಕ್ಕೆ ಬಾಯಿಗೆ ಬರುತ್ತದೆ ಎನ್ನುವುದಕ್ಕೆ ಪಟ್ಟಿಯೇ ಇತ್ತು.

ನಾನು ದಫೇದಾರ. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಕಳ್ಳರಿಂದ, ಕುಡುಕರಿಂದ, ಒಮ್ಮೆ ನನ್ನ ಸ್ವಂತ ಭಾವನಿಂದಲೂ ಹೇಳಿಕೆ ಬರೆಸಿಕೊಂಡಿದ್ದೇನೆ. ಒಂದು ಹಳ್ಳದ ಕೈಯಲ್ಲಿ ಹೇಳಿಕೆ ಕೊಡಿಸಿದ ಮನುಷ್ಯನನ್ನು ಮಾತ್ರ ನೋಡಿರಲಿಲ್ಲ.

“ಹಳ್ಳದ ತಲೆಯಿಂದ ಬಾಯಿಗೆ ಎಷ್ಟು ಹೊತ್ತು ಅಕ್ಕಾ?” ಮೇಡಂ ಕೇಳಿದರು.

“ಈಗಿನ ನೀರಿಗೆ ಮೂರು ಗಂಟೆ ಐವತ್ತು ನಿಮಿಷ. ಅದಕ್ಕಿಂತ ಉದ್ದ ದಾರಿ ಇಲ್ಲ.”

“ಹಾಗಾದ್ರೆ ನಿನ್ನೆ ಮಧ್ಯಾಹ್ನ ಎರಡರ ಮೇಲೆ ಯಾರೋ ಇದನ್ನ ನೀರಿಗೆ ಬಿಟ್ಟಿದ್ದಾರೆ.”

“ಯಾರೋ ಅಲ್ಲ. ನಮ್ಮನೆಯವರು.” ಅಕ್ಕ ಮೇಜಿನ ಮೇಲಿದ್ದ ಪುಸ್ತಕ ಬಿಡಿಸಿದಳು. “ನೋಡಿ, ಇಲ್ಲಿ ನಲವತ್ತಕ್ಕೆ ನಿಂತಿದೆ. ನಲವತ್ತೊಂದರಿಂದ ಮುಂದಿನ ರೀಲುಗಳು ಅವರ ಚೀಲದಲ್ಲಿದ್ದವು. ಮೊನ್ನೆ ಬೆಳಗ್ಗೆ ನಾನೇ ಹಾಕಿಕೊಟ್ಟೆ. ನಲವತ್ತೊಂದು, ನಲವತ್ತೆರಡು, ನಲವತ್ತಮೂರನ್ನ ಹಳ್ಳ ತಿಂದಿದೆ. ಇದು ಬಂದು ಮುಟ್ಟಿದೆ. ಅವರು ಒಂದಾದ ಮೇಲೊಂದು ಬಿಡ್ತಾ ಇದ್ದಾರೆ, ಮೇಡಂ. ಅವರು ಬದುಕಿದ್ದಾರೆ.”

ಮೇಡಂ ರೀಲನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. ನನಗಂತೂ ಅಳು ಬರುವಷ್ಟು ಸಂತೋಷವಾಯಿತು. ಎರಡು ದಿನದಿಂದ ನಾನು ಹುಡುಕುತ್ತಿದ್ದದ್ದು ಹೆಣವನ್ನು, ಅದನ್ನು ಆ ಹೆಂಗಸಿಗೆ ಹೇಗೆ ಹೇಳುವುದು ಎಂದೇ ನಿದ್ದೆಗೆಟ್ಟಿದ್ದೆ.

ನಾವು ಕೂತಿದ್ದದ್ದು ಅವಳ ಹೊಲಿಗೆ ಅಂಗಡಿಯ ಮುಂಗೋಣೆಯಲ್ಲಿ. ಎರಡು ಮೆಷೀನು, ಒಂದು ಕತ್ತರಿಸುವ ಮೇಜು, ಕೊಕ್ಕೆಗೆ ತೂಗುಬಿದ್ದ ಅರ್ಧ ಹೊಲಿದ ಕೋಟು. ಆ ಕೋಟಿನ ಪಕ್ಕದಲ್ಲಿ, ಗೋಡೆ ತುಂಬ, ಹಳ್ಳ.

ಕೋಟಿನ ಅಳತೆ ಕತ್ತರಿಸುವ ಕಂದು ಕಾಗದವನ್ನೇ ಅಂಟಿಸಿ ಅಂಟಿಸಿ ಮೇಷ್ಟ್ರು ನಕ್ಷೆ ಬರೆದಿದ್ದರು. ಬಟ್ಟೆಗೆ ಗುರುತು ಹಾಕುವ ಹಲ್ಲಿನ ಚಕ್ರ ಉರುಳಿಸಿ ದಿಬ್ಬದ ಚುಕ್ಕಿಗೆರೆ ಎಳೆದಿದ್ದರು. ನೀರಿನ ಟ್ಯಾಂಕಿನ ಹಿಂದೆ ಬಂಡೆಯ ಕೆಳಗೆ ಒಸರುವ ಒದ್ದೆ ಜಾಗದಿಂದ ಹಿಡಿದು, ಶಾಲೆಯ ಮೈದಾನದ ಬೇಲಿ, ಬಸ್ ಡಿಪೋದ ಕೆಳಗಿನ ಕತ್ತಲು, ಮನೆಗಳ ಹಿತ್ತಲು, ಮೂರು ಸೇತುವೆ, ಪ್ರಿಂಟಿಂಗ್ ಪ್ರೆಸ್ಸು, ಕೊನೆಗೆ ತಾತನ ಜಾಲರಿ. ಐದೂವರೆ ಕಿಲೋಮೀಟರು. ಈ ಊರಲ್ಲೇ ಹುಟ್ಟಿ ಬೆಳೆದ ನಾನು ಅದನ್ನು ಇಷ್ಟು ವರ್ಷ ಮೂಗು ಮುಚ್ಚಿಕೊಂಡು ದಾಟಿದ್ದೆ. ಅದಕ್ಕೆ ಎಡಕ್ಕೆ ಏಳು, ಬಲಕ್ಕೆ ಆರು ಮರಿಹಳ್ಳಗಳಿವೆ ಎಂದು ಈ ಗೋಡೆ ನೋಡಿದ ಮೇಲೇ ಗೊತ್ತಾಗಿದ್ದು.

ಚುಕ್ಕಿಗೆರೆಯನ್ನು ಬೆರಳಿಟ್ಟು ಹಿಂಬಾಲಿಸಿದೆ. ಗೆರೆಯ ಈಚೆ ಬಿದ್ದ ಮಳೆ ನಮ್ಮ ಹಳ್ಳಕ್ಕೆ, ಆಚೆ ಬಿದ್ದದ್ದು ದಿಬ್ಬದ ಹಿಂದಿನ ಹೊಳೆಗೆ. ಗೆರೆ ಒಂದು ಕಡೆ ನಮ್ಮ ಠಾಣೆಯ ಮಾಡಿನ ಮೇಲೇ ಹಾದುಹೋಗಿತ್ತು. ಮೇಡಂ ಕೋಣೆಯ ಮಳೆ ಹಳ್ಳಕ್ಕಂತೆ, ಲಾಕಪ್ಪಿನ ಮಳೆ ಹೊಳೆಗಂತೆ. ಒಂದೇ ಸೂರಿನ ಕೆಳಗೆ ಕೂತ ನಾವು ಬೇರೆ ಬೇರೆ ನೀರಿನವರು! ಇದನ್ನೆಲ್ಲ ಒಬ್ಬ ಮನುಷ್ಯ ಹವಾಯಿ ಚಪ್ಪಲಿ ಹಾಕಿಕೊಂಡು, ಹೆಂಡತಿಯ ಟೇಪು ಹಿಡಿದು ಕಂಡುಹಿಡಿದಿದ್ದ.

“ದಫೇದಾರ್ರೇ, ಕೊನೇ ಸಾಲು ಇನ್ನೊಂದು ಸಲ ಓದಿ,” ಅಂದರು ಮೇಡಂ.

ಪುಸ್ತಕದ ಕೊನೆಯ ಸಾಲು ನನಗೆ ಬಾಯಿಪಾಠವಾಗಿತ್ತು. “ನಾಳೆ ಎಡ ಮೂರು. ಸಂಸಾರ ಚಿಕ್ಕದು, ನೀರು ದೊಡ್ಡದು. ಒಳಗೆ ಹೋಗಿ ನೋಡಬೇಕು.”

ಈ ಸಾಲಿನ ಮೇಲೆ ಠಾಣೆಯಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತು. ಸಂಸಾರ ಎಂದರೆ ಗಂಡ ಹೆಂಡತಿ ಜಗಳ, ಮನುಷ್ಯ ಬೇಸರ ಬಂದು ಎಲ್ಲೋ ಹೋಗಿದ್ದಾನೆ ಎಂದು ನಮ್ಮ ರೈಟರ್ ತೀರ್ಪು ಕೊಟ್ಟಿದ್ದ. ಅದನ್ನು ಅಕ್ಕನಿಗೆ ಹೇಳಲು ಹೋದೆ, ಮೇಡಂ ಕಣ್ಣಲ್ಲೇ ತಡೆದರು.

“ಸಂಸಾರ ಅಂದ್ರೆ ಏನಕ್ಕಾ ಇಲ್ಲಿ?”

“ಜಲಾನಯನ ಅಂತ ಪುಸ್ತಕದಲ್ಲಿ ಬರೀತಾರಲ್ಲ, ಅದು. ಯಾವ್ಯಾವ ಮನೆ, ರಸ್ತೆ, ಅಂಗಳದ ನೀರು ಒಂದು ಹಳ್ಳಕ್ಕೆ ಸೇರುತ್ತೋ ಅವೆಲ್ಲ ಆ ಹಳ್ಳದ ಸಂಸಾರ ಅಂತಿದ್ರು ಇವರು. ಮಕ್ಕಳಿಗೆ ಹಾಗೆ ಹೇಳಿದ್ರೆ ಬೇಗ ತಲೆಗೆ ಹೋಗುತ್ತಂತೆ. ಎಡ ಮೂರನೇ ಮರಿಹಳ್ಳಕ್ಕೆ ಬರೀ ಒಂಬತ್ತು ಮನೆ, ಒಂದು ಕಾರ್ಖಾನೆ. ಅಷ್ಟು ಸಣ್ಣ ಸಂಸಾರಕ್ಕೆ ಅಷ್ಟೊಂದು ನೀರು ಹೆಂಗೆ ಅಂತ ಇವರಿಗೆ ತಲೆ ಕೆಟ್ಟುಹೋಗಿತ್ತು. ನಾಲ್ಕು ಸಲ ಅಳೆದರು. ಲೆಕ್ಕ ತಪ್ಪಿದ್ದು ನಂದೇ ಅಂತ ನಾಲ್ಕು ಸಲ ಅಳಿಸಿದರು.”

ಅಲ್ಲಿ ಕಾಗದ ಉಜ್ಜಿ ಉಜ್ಜಿ ತೆಳ್ಳಗಾಗಿತ್ತು.

“ಆದ್ರೆ ಅಕ್ಕಾ, ಅಲ್ಲಿ ಕಾರ್ಖಾನೆ ಇಲ್ಲವಲ್ಲ,” ಅಂದೆ ನಾನು. “ಎರಡು ದಿನ ಆರು ಜನ ಕಾನ್‌ಸ್ಟೇಬಲ್‌ಗಳ ಜೊತೆ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಹುಡುಕಿದ್ದೀನಿ. ಪ್ರೆಸ್ಸಿನ ಹಿಂದೆ ಒಂದು ಬಾತುಕೋಳಿ ಕೊಳ ಬಿಟ್ರೆ ಏನೂ ಇಲ್ಲ. ಆ ಕೊಳಾನೂ ಖಾಲಿ ಮಾಡಿಸಿದ್ವಿ.”

ಅಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಪ್ರೆಸ್ಸಿನ ಹಿಂದೆ ಯಾಕೆ ಹುಡುಕಿದ್ರಿ?”

“ಎಡ ಮೂರು ಅದೇ ತಾನೇ? ತೂಬಿನಿಂದ ಹತ್ತಿದ್ವಿ. ಎಡಗಡೆ ಒಂದು, ಎರಡು, ಮೂರು.”

“ಎಡಗಡೆ ಅಂದ್ರೆ ಯಾರ ಎಡಗಡೆ?”

“ನನ್ನ ಎಡಗಡೆ ಮತ್ತೆ!”

ಅಕ್ಕ ಎದ್ದು ಬಂದಳು. ನನ್ನ ಎದುರು ನಿಂತು, ತೋರುಬೆರಳಿನಿಂದ ನನ್ನ ಅಂಗಿಯ ಜೇಬನ್ನು ಕುಟ್ಟಿದಳು.

“ಎಡಗಡೆ ಜೇಬು ಇಡಿ ಅಂತ ನೀವು ನನಗೆ ಹೇಳ್ತೀರಿ. ನಾನು ನಿಮ್ಮ ಎದುರಿಗೆ ನಿಂತಿರ್ತೀನಿ. ನನ್ನ ಎಡಗಡೆಗೆ ಇಟ್ರೆ ಏನಾಗುತ್ತೆ?”

“ಬಲಗಡೆಗೆ ಬರುತ್ತೆ.”

“ಟೈಲರ್‌ಗೆ ಎಡ ಅಂದ್ರೆ ಹಾಕ್ಕೊಳ್ಳೋರ ಎಡ. ಹಳ್ಳ ಅಳೆಯೋರಿಗೆ ಎಡ ಅಂದ್ರೆ ಹಳ್ಳದ ಎಡ. ನೀರು ಯಾವ ಕಡೆ ನಡೆಯುತ್ತೋ ಆ ಕಡೆ ಮುಖ ಮಾಡಿ ನಿಂತು ಹೇಳಬೇಕು. ನೀವು ಅದರ ಕಾಲ ಕಡೆಯಿಂದ ಹತ್ತಿ ಬಂದಿದ್ದೀರಿ. ನಿಮ್ಮ ಎಡಗೈಗೆ ಸಿಕ್ಕಿದ್ದು ಅದರ ಬಲಗೈ!”

ಅವಳು ಪುಸ್ತಕದ ಮೊದಲ ಪುಟ ತೆಗೆದು ತೋರಿಸಿದಳು. ಗಿರಾಕಿಗಳ ಅಳತೆ ಬರೆಯುವ ಪುಸ್ತಕವದು. ಒಂದು ಪುಟದಲ್ಲಿ ಯಾರದೋ ಕೋಟು, ಎದುರು ಪುಟದಲ್ಲಿ ಹಳ್ಳ. ಕೊರಳು ಒಂದೂವರೆ ಅಡಿ, ಎದೆ ಏಳು ಅಡಿ, ಸೊಂಟ ನಾಲ್ಕು. ಮೇಲಿನಿಂದ ಕೆಳಕ್ಕೆ, ಕೊರಳಿನಿಂದ ಕಾಲಿಗೆ, ಟೈಲರ್‌ಗಳು ಅಳೆಯುವ ಕ್ರಮದಲ್ಲೇ.

“ಎಣಿಸೋದೂ ಕೊರಳಿಂದ,” ಅಂದಳು. “ಮೇಲಿನಿಂದ ಮೂರನೇದು. ಹಳ್ಳದ ಎಡಗೈ ಕಡೆ. ಎರಡು ದಿನ ನೀವು ತಲೆಕೆಳಗಾಗಿ ಹುಡುಕಿದ್ದೀರಿ ದಫೇದಾರ್ರೇ. ಎಲ್ಲಿ ಹುಡುಕ್ತೀರಿ ಅಂತ ನಾನು ಕೇಳಿದ್ರೆ, ಅದೆಲ್ಲ ಇಲಾಖೆಯ ವಿಷಯ ಅಂದ್ರಲ್ಲ?”

ಅಂದದ್ದು ನಾನೇ. ಕೇಸು ಹಳ್ಳ ಹಿಡಿಯಿತು ಎಂದು ಠಾಣೆಯಲ್ಲಿ ಎಲ್ಲರೂ ನಗುತ್ತಿದ್ದಾಗ ಜೊತೆಗೆ ನಕ್ಕವನೂ ನಾನೇ. ಹಳ್ಳವನ್ನು ಸರಿಯಾಗಿ ಹಿಡಿದಿದ್ದರೆ ನಿನ್ನೆಯೇ ಆ ಮನುಷ್ಯ ಮನೆಯಲ್ಲಿರುತ್ತಿದ್ದ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. “ತಪ್ಪಾಯ್ತು ಅಕ್ಕ” ಎಂದೆ. ಅವಳು ಅದನ್ನು ಕೇಳಿಸಿಕೊಳ್ಳುವಷ್ಟು ಹೊತ್ತು ನಿಲ್ಲಲಿಲ್ಲ, ಚಪ್ಪಲಿ ಮೆಟ್ಟಿಕೊಂಡಾಗಿತ್ತು.

ತಾತ ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಿದ್ದ.

“ದಿಬ್ಬದ ಆಚೆ ಕಪ್ಪಾಗ್ತಿದೆ ಮೇಡಂ. ಮಧ್ಯಾಹ್ನದೊಳಗೆ ಹುಯ್ಯುತ್ತೆ.”

ಮೇಡಂ ಪಟ್ಟಿಯ ಮೇಲೆ ಬೆರಳಾಡಿಸಿದರು. ಎಡ ಮೂರು: ಮೊದಲ ಹನಿಯಿಂದ ಮೊಣಕಾಲು ನೀರಿಗೆ ಇಪ್ಪತ್ತೈದು ನಿಮಿಷ. ಮೊಣಕಾಲಿಂದ ಎದೆಗೆ ಹತ್ತು.

“ಜೀಪು ತೆಗೀರಿ,” ಅಂದರು.

*

ಡಿಪೋ ದಾಟಿದ ಮೇಲೆ ಜೀಪು ಹೋಗುವುದಿಲ್ಲ. ಇಳಿದು ಹಳ್ಳದ ದಂಡೆ ಹಿಡಿದೆವು. ಈ ಸಲ ನೀರಿನ ಮುಖ ಯಾವ ಕಡೆ ಎಂದು ನೋಡಿಕೊಂಡೇ ನಡೆದೆ.

ನಿಜ ಹೇಳುತ್ತೇನೆ, ಅಷ್ಟು ಆತಂಕದಲ್ಲೂ ಹಳ್ಳ ನನ್ನ ಕಣ್ಣು ತುಂಬಿತು. ಡಿಪೋದ ಕೆಳಗಿನಿಂದ ಎಣ್ಣೆ ಬಳಿದುಕೊಂಡು ಹೊರಬಿದ್ದ ನೀರು ನೂರು ಹೆಜ್ಜೆಯೊಳಗೆ ಮರಳಿನಲ್ಲಿ ಸೋಸಿ ತಿಳಿಯಾಗುತ್ತದೆ. ಒಂದು ತಿರುವಿನಲ್ಲಿ ಒಳದಂಡೆಗೆ ಮರಳು ಹಾಸುತ್ತದೆ, ಹೊರದಂಡೆಯನ್ನು ಕೊರೆಯುತ್ತದೆ, ಮುಂದಿನ ತಿರುವಿನಲ್ಲಿ ಅದನ್ನೇ ತಿರುವು ಮುರುವು ಮಾಡುತ್ತದೆ. ಯಾವ ಎಂಜಿನಿಯರೂ ಹೇಳಿಕೊಡದೆ, ಯಾರ ಅಪ್ಪಣೆಯನ್ನೂ ಕಾಯದೆ, ಒಂದು ಊರಿನ ಅರ್ಧ ಮಾಡುಗಳ ನೀರನ್ನು ಹೊತ್ತು ಇಳಿಸುತ್ತದೆ. ನಾವು ಅದಕ್ಕೆ ಕೊಟ್ಟಿದ್ದು ಹರಿದ ಚಪ್ಪಲಿ, ಒಡೆದ ಬಕೆಟ್ಟು.

“ಅದೋ, ಎಡ ಎರಡು,” ಅಕ್ಕ ಕೈ ತೋರಿಸುತ್ತಿದ್ದಳು. ಗಂಡನ ಜೊತೆ ಒಂದು ದಿನವೂ ಇಲ್ಲಿ ನಡೆದಿರಲಿಲ್ಲವಂತೆ. ಬರೀ ನಕ್ಷೆ ನೋಡಿ ನೋಡಿ ಅವಳಿಗೆ ಒಂದೊಂದು ಕಲ್ಲೂ ಗೊತ್ತಿತ್ತು. “ಈ ಗೋಡೆ ಮುಗಿದ ಮೇಲೆ ಎಡ ಮೂರು.”

ಗೋಡೆ ಮುಗಿಯಿತು. ಅಲ್ಲೊಂದು ಮರಿಹಳ್ಳ, ಮುಳ್ಳುಪೊದೆಯ ಅಡಿಯಿಂದ, ಅಂಗೈ ಆಳ, ಒಂದು ಮಾರು ಅಗಲ. ಅಕ್ಕ ಬಗ್ಗಿ ಬೆರಳದ್ದಿದಳು.

“ತಣ್ಣಗಿದೆ. ಸೋಪಿನ ವಾಸನೆ ಇಲ್ಲ.”

ಮೇಲೆ ತಲೆಯೆತ್ತಿದರೆ ಹಬೆ ಬಿಡುವ ಚಿಮಣಿ. ಹೋಟೆಲು, ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ ಕಾರ್ಖಾನೆ.

*

ಒಳಗೆ ಗುಡುಗಿನ ಹಾಗೆ ಸದ್ದು. ಮನುಷ್ಯ ಹೊಗುವಷ್ಟು ದೊಡ್ಡ ಎಂಟು ಡ್ರಮ್ಮುಗಳು ಉರುಳುತ್ತಿದ್ದವು. ಆ ತುದಿಯಲ್ಲಿ ಬಿಸಿ ರೋಲರುಗಳ ನಡುವಿನಿಂದ ಹಾಸುಗೆಯ ದುಪ್ಪಟಿಗಳು ಇಸ್ತ್ರಿಯಾಗಿ ಹೊರಬರುತ್ತಿದ್ದವು. ಹೆಂಗಸರು ಇಬ್ಬಿಬ್ಬರಾಗಿ ಮೂಲೆ ಹಿಡಿದು, ಒಬ್ಬರ ಕಡೆಗೊಬ್ಬರು ನಡೆದು ಮಡಿಸಿ, ಮತ್ತೆ ಹಿಂದೆ ಸರಿಯುತ್ತಿದ್ದರು.

ಮ್ಯಾನೇಜರ್ ಓಡಿ ಬಂದ. ಅಷ್ಟು ಬಿಳಿ ಅಂಗಿಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅದರ ಮಡಿಕೆಯಲ್ಲಿ ತರಕಾರಿ ಹೆಚ್ಚಬಹುದಿತ್ತು.

“ಹಳ್ಳಾನಾ? ಇಲ್ಲಿ ಯಾವ ಹಳ್ಳ ಮೇಡಂ! ಹಿಂದೆ ಒಂದು ಚರಂಡಿ ಇದೆ ಅಷ್ಟೆ.”

“ಭೂಗೋಳದ ಮೇಷ್ಟ್ರು ಬಂದಿದ್ರಾ?”

“ಯಾವ ಮೇಷ್ಟ್ರು? ಯಾರೂ ಬಂದಿಲ್ಲ.”

ನಾನಾಗಿದ್ದರೆ ಅಲ್ಲೇ ಮೇಜು ಕುಟ್ಟುತ್ತಿದ್ದೆ. ಮೇಡಂ ಒಂದು ಕುರ್ಚಿ ಎಳೆದುಕೊಂಡು ಕೂತು, ಪಕ್ಕದ ಮನೆಯವರ ಹತ್ತಿರ ಹರಟೆ ಹೊಡೆಯುವಂತೆ ಶುರು ಮಾಡಿದರು. ಅವರ ಈ ಗುಣಕ್ಕೆ ನಾನು ಮನಸ್ಸಿನಲ್ಲೇ ಸಲ್ಯೂಟ್ ಹೊಡೆಯುತ್ತೇನೆ.

“ನಿಮ್ಮ ಡ್ರಮ್ಮಿನ ನೀರು ಹೊರಗೆ ಹೋಗುವಾಗ ಬಿಸಿ ಇರುತ್ತಾ?”

“ಕುದಿಯೋ ಹಾಗಿರುತ್ತೆ ಮೇಡಂ. ಸೋಪಿನ ನೀರು. ಮುಂದಿನ ಪೈಪಲ್ಲಿ ಹೋಗುತ್ತೆ.”

“ಹಿಂದಿನ ಚರಂಡಿಗೆ?”

“ಒಂದು ಹನೀನೂ ಇಲ್ಲ.”

“ಹಾಗಾದ್ರೆ ಅಲ್ಲಿ ತಣ್ಣಗೆ ಹರೀತಾ ಇರೋ ನೀರು ಯಾರದ್ದು?”

“ಮಳೆ ನೀರಿರಬೇಕು.”

“ಮಳೆ ಬಂದು ಹದಿನೇಳು ದಿನ ಆಯ್ತು. ಒಂಬತ್ತು ಮನೆ ಮಾಡಿನ ಮಳೆ ಹದಿನೇಳು ದಿನ ಹರಿಯುತ್ತಾ?”

“ನಾನು ಬಟ್ಟೆ ಒಗೆಯೋನು ಮೇಡಂ. ನೀರಿನ ವಿಷಯ ನನಗೇನು ಗೊತ್ತು? ಆ ಹಿಂಭಾಗಕ್ಕೆ ನಾನು ಕಾಲಿಟ್ಟು ವರ್ಷಗಳೇ ಆಯ್ತು. ಬರೀ ಮುಳ್ಳು.”

ಅಷ್ಟರಲ್ಲಿ ಮೇಡಂ ನನ್ನ ತೋಳು ಮುಟ್ಟಿದರು. ಅಕ್ಕ ನಮ್ಮ ಜೊತೆಗಿರಲಿಲ್ಲ.

ಅವಳು ಗೋಡೆಯುದ್ದಕ್ಕೂ ಇದ್ದ ಸರಳಿನ ಹತ್ತಿರ ನಿಂತಿದ್ದಳು. ಕೆಲಸದವರ ಸ್ವಂತ ಬಟ್ಟೆಗಳು ಅಲ್ಲಿ ಹ್ಯಾಂಗರಿಗೆ ತೂಗುಬಿದ್ದಿದ್ದವು. ಅವಳ ಕೈಯಲ್ಲಿ ಒಂದು ಬೂದು ಬಣ್ಣದ ತುಂಬುತೋಳಿನ ಅಂಗಿ. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಕಾಲರಿಗೆ ಚೀಟಿ ಚುಚ್ಚಿದ್ದರು.

“ಇದು ನನ್ನ ಹೊಲಿಗೆ,” ಅಂದಳು. ದನಿ ಏರಲಿಲ್ಲ. “ಪೆನ್ಸಿಲು ಹಳ್ಳಕ್ಕೆ ಬಿದ್ದುಹೋಗುತ್ತೆ ಅಂತ ಜೇಬಲ್ಲಿ ಒಂದು ಸಣ್ಣ ಗೂಡು ಹಾಕು ಅಂದಿದ್ರು. ಎರಡು ಸುತ್ತು ಹೊಲಿಗೆ ಹಾಕಿದ್ದೆ. ನೋಡಿ.”

ಗೂಡು ಇತ್ತು. ಎರಡು ಸುತ್ತು ಹೊಲಿಗೆಯೂ ಇತ್ತು. ಮ್ಯಾನೇಜರನ ಮುಖ ಅವನ ಅಂಗಿಗಿಂತ ಬಿಳಿಯಾಯಿತು.

ಮೇಡಂ ಎದ್ದು ನಿಂತರು. “ಈಗ ಹೇಳಿ.”

“ಮೇಡಂ… ಕೊಳೆ ಬಟ್ಟೆ ಕಂಡ್ರೆ ನನ್ನ ಕೈ ಸುಮ್ನಿರಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ. ಮೊನ್ನೆ ಹಿಂದಿನ ಗೇಟಿಗೆ ನೇತಾಡ್ತಾ ಇತ್ತು, ಮೈಯೆಲ್ಲ ಬೆವರು, ಧೂಳು. ತಂದು ಡ್ರಮ್ಮಿಗೆ ಹಾಕಿದೆ.”

ಸಾಕ್ಷ್ಯವನ್ನು ಸುಟ್ಟವರನ್ನು ನೋಡಿದ್ದೇನೆ, ಹೂತವರನ್ನು ನೋಡಿದ್ದೇನೆ, ಒಬ್ಬ ಮಹಾನುಭಾವ ನನ್ನೆದುರೇ ಚೀಟಿ ನುಂಗಿದ್ದಾನೆ. ಸಾಕ್ಷ್ಯಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿ ನಂಬರು ಕೊಟ್ಟವನು ಇವನೊಬ್ಬನೇ.

“ವರ್ಷಗಳಿಂದ ಕಾಲಿಡದ ಜಾಗಕ್ಕೆ ಮೊನ್ನೆ ಯಾಕೆ ಹೋಗಿದ್ರಿ?”

ಅವನು ತನ್ನ ಅಂಗಿಯ ಮಡಿಕೆ ಸರಿಮಾಡಿಕೊಂಡ.

“ಯಾವ ಗೇಟು?”

“ಸುರಂಗದ ಗೇಟು.” ಅವನು ಕುರ್ಚಿ ಹುಡುಕಿಕೊಂಡು ಕೂತ. “ಹಳೇ ಕಾಲದ್ದು ಮೇಡಂ. ದಿಬ್ಬವನ್ನ ಕೊರೆದು ಆ ಕಡೆಯ ಹೊಳೆಯಿಂದ ಈ ಕಡೆಗೆ ಯಾರೋ ನೀರು ತಂದಿದ್ದಾರೆ. ಯಾವ ಕಾಗದದಲ್ಲೂ ಇಲ್ಲ. ನಮ್ಮ ಡ್ರಮ್ಮುಗಳು ತಿರುಗೋದೇ ಆ ನೀರಿನಿಂದ. ನಾವು ತಗೊಂಡು ಮಿಕ್ಕಿದ್ದು ಹಿಂದೆ ಹರಿದುಹೋಗುತ್ತೆ. ಅದು ಹೊರಗೆ ಗೊತ್ತಾದ್ರೆ ಕಾರ್ಖಾನೆಗೆ ಬೀಗ. ಅದಕ್ಕೇ ಬಾಯಿ ಬಿಡಲಿಲ್ಲ.”

ಅಕ್ಕ ಅಂಗಿಯನ್ನು ಎದೆಗೆ ಒತ್ತಿಕೊಂಡಳು. ಎರಡು ದಿನದಲ್ಲಿ ಮೊದಲ ಸಲ ಅವಳ ಕಣ್ಣಿಂದ ನೀರು ಇಳಿಯಿತು.

“ಹಾಗಾದ್ರೆ ಅವರ ಲೆಕ್ಕ ಸರಿ ಇತ್ತು,” ಅಂದಳು. “ಅಷ್ಟು ಸಲ ಅಳಿಸಿದ್ರಲ್ಲ ಮೇಡಂ, ಪಾಪ. ಒಂದು ಸಲಾನೂ ತಪ್ಪಿರಲಿಲ್ಲ.”

ಒಂದು ಊರಿನ ಕಾಗದಪತ್ರಗಳೆಲ್ಲ ಬಚ್ಚಿಟ್ಟ ಸುರಂಗವನ್ನು ಆ ಮನುಷ್ಯ ಬರೀ ಮರದ ರೀಲಿನಿಂದ ಹಿಡಿದಿದ್ದ. ಹಿಡಿದದ್ದು ಅವನಿಗೇ ಗೊತ್ತಿರಲಿಲ್ಲ, ತಾನು ಕೂಡುವುದರಲ್ಲಿ ದಡ್ಡ ಎಂದುಕೊಂಡಿದ್ದ.

“ಅವರು ಕೊಚ್ಚೆಗೆ ಇಳಿಯೋ ಮುಂಚೆ ಅಂಗಿ ಬಿಚ್ಚಿ ಎಲ್ಲಾದ್ರೂ ನೇತು ಹಾಕ್ತಾರೆ,” ಅಕ್ಕ ಮೂಗು ಒರೆಸಿಕೊಂಡು ಹೇಳಿದಳು. “ಕೆಸರು ಮಾಡ್ಕೊಂಡು ಬಂದ್ರೆ ನಾನು ಬೈತೀನಿ ಅಂತ. ಅಂಗಿ ಹೊರಗಿತ್ತು ಅಂದ್ರೆ ಅವರು ಒಳಗಿದ್ರು.”

ಮೇಡಂ ಮ್ಯಾನೇಜರನ ಕಡೆ ತಿರುಗಿದರು. “ಅಂಗಿ ತೆಗೆದ ಮೇಲೆ ಏನು ಮಾಡಿದ್ರಿ?”

“ಗೇಟು ತೆರೆದಿತ್ತು. ಬೀಗ ಹಾಕಿದೆ.”

“ಒಳಗೆ ಯಾರಾದ್ರೂ ಇದ್ದೀರಾ ಅಂತ ಕೂಗಿದ್ರಾ?”

“ಕೂಗಿದೆ.”

“ಕೂಗಿದ್ರಾ?”

“…ಇಲ್ಲ.”

ಆಗಲೇ ಗುಡುಗು ಕೇಳಿಸಿತು. ಡ್ರಮ್ಮಿನದ್ದಲ್ಲ.

*

ಹಿಂಬಾಗಿಲು ದಾಟಿ, ಮುಳ್ಳಿನ ನಡುವೆ ಚೆನ್ನಾಗಿ ಸವೆದ ಕಾಲುದಾರಿಯಲ್ಲಿ ಓಡಿದೆವು. ಯಾರೂ ಕಾಲಿಡದ ಜಾಗವಂತೆ! ದಿಬ್ಬದ ಬುಡದಲ್ಲಿ ಕಲ್ಲು ಕಟ್ಟಿದ ಕಮಾನು, ಬಗ್ಗಿದರೆ ಒಬ್ಬರು ಹೋಗುವಷ್ಟು ಎತ್ತರ. ಅದರ ಬಾಯಿಗೆ ಕಬ್ಬಿಣದ ಸರಳಿನ ಗೇಟು, ಹೊಳೆಯುವ ಹೊಸ ಬೀಗ. ಸರಳುಗಳ ನಡುವಿಂದ ನೀರು ಕಣಕಾಲಿನ ಮಟ್ಟ ಹರಿದು ಬರುತ್ತಿತ್ತು. ಒಂದು ರೀಲು ಸಲೀಸಾಗಿ ತೂರುವಷ್ಟು ಸಂದು. ಮನುಷ್ಯನಿಗೆ ತೋಳು ಮಾತ್ರ.

ನಮ್ಮ ತಲೆಯ ಮೇಲೆ ಇನ್ನೂ ಹನಿ ಬಿದ್ದಿರಲಿಲ್ಲ.

“ಇಪ್ಪತ್ತೈದು ನಿಮಿಷ ಇದೆ ಮೇಡಂ, ಮಳೆ ಶುರುವಾದ್ರೂ,” ಅಂದೆ, ಧೈರ್ಯ ಹೇಳಲು.

“ಇಲ್ಲ,” ಅಂದಳು ಅಕ್ಕ. “ಆ ಪಟ್ಟಿ ಮಾಡುವಾಗ ಅವರಿಗೆ ಸುರಂಗ ಗೊತ್ತಿರಲಿಲ್ಲ. ಈ ನೀರಿನ ಸಂಸಾರ ಇರೋದು ದಿಬ್ಬದ ಆಚೆ. ಅಲ್ಲಿ ಆಗಲೇ ಹುಯ್ತಾ ಇದೆ.”

ಕೆಳಗೆ ನೋಡಿದೆ. ನನ್ನ ಬೂಟಿನ ಸುತ್ತ ಕನ್ನಡಿಯಂತಿದ್ದ ನೀರಿನಲ್ಲಿ ಕೆಂಪು ಎಳೆಗಳು ಇಳಿದು ಬರುತ್ತಿದ್ದವು. ನೋಡುತ್ತಿದ್ದಂತೆಯೇ ಎಲ್ಲ ಕೆಂಪಾಯಿತು. ಕಣಕಾಲಿನಲ್ಲಿದ್ದ ತಂಪು ಒಂದು ಬೆರಳು ಮೇಲೇರಿತು.

“ಕೀಲಿ!” ಮೇಡಂ ಕೈ ಚಾಚಿದರು.

ಮ್ಯಾನೇಜರ್ ಗೊಂಚಲು ತೆಗೆದ. ಅದು ಅವನ ಕೈಯಿಂದ ಜಾರಿ ನೀರಿಗೆ ಬಿತ್ತು, ನಾನು ಮಂಡಿಯೂರಿ ತಡವಿ ಎತ್ತಿಕೊಟ್ಟೆ.

“ಮೊನ್ನೆ ಗೇಟು ತೆರೆದಿತ್ತು ಅಂದ್ರಿ,” ಮೇಡಂ ಬೀಗಕ್ಕೆ ಕೀಲಿ ತೂರಿಸುತ್ತಲೇ ಕೇಳಿದರು. “ತೆರೆದವರು ಯಾರು? ಮೇಷ್ಟ್ರ ಹತ್ರ ಕೀಲಿ ಇರಲಿಲ್ಲ.”

“ಗೊತ್ತಿಲ್ಲ. ಹಳೇ ಬೀಗಕ್ಕೆ ಎರಡು ಕೀಲಿ ಇತ್ತು.”

“ಇನ್ನೊಂದು ಯಾರ ಹತ್ರ?”

ಅವನು ಸುರಂಗದೊಳಗೆ ನೋಡುತ್ತಾ ನಿಂತ. ಬೀಗ ಕಿರುಗುಟ್ಟಿತು, ತೆರೆಯಲಿಲ್ಲ. ಹೊಸ ಬೀಗಕ್ಕೆ ಅಷ್ಟರಲ್ಲೇ ಮರಳು ಹೊಕ್ಕಿತ್ತು.

ಮೇಡಂ ಕೀಲಿ ಅಲ್ಲಾಡಿಸುತ್ತಲೇ ಸರಳಿಗೆ ಬಾಯಿಟ್ಟು ಕೂಗಿದರು. “ಮೇಷ್ಟ್ರೇ! ಪೊಲೀಸ್! ಯಾರಾದ್ರೂ ಇದ್ದೀರಾ?”

ನೀರಿನ ಸದ್ದು. ಅದು ಈಗ ಮೊಣಕಾಲಿನ ಕೆಳಗೆ ಬಂದಿತ್ತು. ಅಕ್ಕ ಎರಡೂ ಕೈಯಲ್ಲಿ ಸರಳು ಹಿಡಿದು, ಕಣ್ಣು ಮುಚ್ಚಿ, ಕಿವಿಯನ್ನು ಕತ್ತಲೆಗೆ ಒಡ್ಡಿ ನಿಂತಿದ್ದಳು.

ಆಮೇಲೆ, ತೀರಾ ಒಳಗಿನಿಂದ, ಒಡಕು ಗಂಟಲಿನ ಒಂದು ಗಂಡು ದನಿ. “ಇಲ್ಲಿ! ಇಲ್ಲಿದ್ದೀನಿ! ಬೇಗ ಬನ್ನಿ!”

ನನ್ನ ಪಕ್ಕದಲ್ಲಿ ಮ್ಯಾನೇಜರ್ “ಆ ಇನ್ನೊಂದು ಕೀಲಿ…” ಎಂದು ಗೊಣಗುತ್ತ ಆ ಬಿಳಿ ಅಂಗಿಯ ಸಮೇತ ಕೆಂಪು ನೀರಿನಲ್ಲಿ ಕುಸಿದು ಕೂತ. ನನಗೆ ಅವನ ಪರಿವೆಯೇ ಇರಲಿಲ್ಲ. ವಯಸ್ಸು, ಯೂನಿಫಾರ್ಮು ಎಲ್ಲ ಮರೆತು ಟೋಪಿ ತೆಗೆದು ಬೀಸಿದೆ.

“ಬದುಕಿದ್ದಾರೆ ಅಕ್ಕಾ! ನೀನು ಹೇಳಿದ ಹಾಗೇ! ಬದುಕಿದ್ದಾರೆ!”

ಅಕ್ಕ ಕಣ್ಣು ತೆರೆದಳು. ಸರಳಿನಿಂದ ಅವಳ ಕೈಗಳು ಮೆಲ್ಲಗೆ ಜಾರಿದವು.

“ಅದು ನಮ್ಮನೆಯವರ ದನಿ ಅಲ್ಲ,” ಅಂದಳು.